ಹೊಸ್ತಿಲಲ್ಲಿ ನಡೆಯುವ ತೂಕ

ಅಮೆರಿಕದ ಕಮ್ಯುನಿಟಿ ಕಾಲೇಜುಗಳ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಬಡವರ ಮಕ್ಕಳು, ವಲಸೆ ಬಂದವರು, ಹಗಲೆಲ್ಲ ದುಡಿದು ಸಂಜೆ ಓದುವವರು ಅಲ್ಲಿಗೆ ಸೇರುತ್ತಾರೆ. ಪ್ರವೇಶ ಪರೀಕ್ಷೆಯಿಲ್ಲ. ಆದರೆ ಸೇರಿದ ಕೂಡಲೇ ಇನ್ನೊಂದು ಪರೀಕ್ಷೆ ಬಹುಕಾಲ ಅವರಿಗಾಗಿ ಕಾದಿತ್ತು. ಕಂಪ್ಯೂಟರಿನ ಮುಂದೆ ಕೂರಿಸಿ ಗಣಿತ, ಇಂಗ್ಲಿಷಿನ ಪ್ರಶ್ನೆ ಕೇಳಿ, ಯಾರು ಯಾವ ತರಗತಿಗೆ ಎಂದು ತೀರ್ಮಾನಿಸುವ ಪರೀಕ್ಷೆ ಅದು. ಪಾಸು-ಫೇಲು ಇಲ್ಲವಲ್ಲ ಎಂದು ಎಷ್ಟೋ ಮಂದಿ ಸಿದ್ಧತೆಯಿಲ್ಲದೆ ಹೋಗಿ ಬರೆಯುತ್ತಿದ್ದರು.

ಅಂಕ ಕಡಿಮೆ ಬಂದರೆ ಪರಿಹಾರ ಬೋಧನೆಯ ತರಗತಿ. ಗಣಿತದಲ್ಲಿ ಕೆಲವೊಮ್ಮೆ ಇಂಥ ಮೂರು ಮೆಟ್ಟಿಲು. ಶುಲ್ಕ ಕಟ್ಟಬೇಕು, ಆದರೆ ಪದವಿಗೆ ಅದು ಲೆಕ್ಕಕ್ಕಿಲ್ಲ. ಪ್ರತಿ ಮೆಟ್ಟಿಲಲ್ಲೂ ಒಂದಷ್ಟು ಮಂದಿ ಕಳಚಿಕೊಳ್ಳುತ್ತಿದ್ದರು. ಎಲ್ಲರೂ ಫೇಲಾಗಿಯೇ ಹೋದರೆಂದಲ್ಲ. ಕೆಲಸದ ಪಾಳಿ ಬದಲಾಯಿತು, ಮಗುವಿಗೆ ಕಾಯಿಲೆ ಬಂತು, ಮುಂದಿನ ಅವಧಿಗೆ ಹೆಸರು ಬರೆಸಲಿಲ್ಲ, ಅಷ್ಟೆ.

ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕಳೆದ ದಶಕದ ಆರಂಭದಲ್ಲಿ ಈ ತಕ್ಕಡಿಯನ್ನೇ ತೂಗಿ ನೋಡಿದರು. ಗಣಿತದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು, ಇಂಗ್ಲಿಷಿನಲ್ಲಿ ಮೂವರಲ್ಲಿ ಒಬ್ಬರು ತೀರಾ ತಪ್ಪು ತರಗತಿಗೆ ಹೋಗುತ್ತಿದ್ದರು. ಅದರಲ್ಲೂ ಮುಂದೆ ಹೋಗಬಲ್ಲವರನ್ನು ಕೆಳಗೆ ತಳ್ಳಿದ ತಪ್ಪೇ ಹೆಚ್ಚು.

ನಮ್ಮನ್ನು ಕಾಡುವ ಪ್ರಶ್ನೆ ಇಲ್ಲಿಂದ ಆರಂಭವಾಗುತ್ತದೆ. ಯಾವ ಪರೀಕ್ಷೆಯೂ ತಪ್ಪದೆ ಇರಲಾರದು. ಹಾಗಿದ್ದಲ್ಲಿ ಯಾವ ತಪ್ಪನ್ನು ನಾವು ಸಹಿಸಿಕೊಳ್ಳುತ್ತೇವೆ? ಸಿದ್ಧತೆಯಿಲ್ಲದವನನ್ನು ಮೇಲಿನ ತರಗತಿಗೆ ಕಳುಹಿಸಿದರೆ ಅವನ ಸೋಲು ಎಲ್ಲರ ಕಣ್ಣಿಗೂ ಬೀಳುತ್ತದೆ, ಅಧ್ಯಾಪಕರು ದೂರುತ್ತಾರೆ. ಸಮರ್ಥನನ್ನು ಕೆಳಗೆ ಕೂರಿಸಿದರೆ ದೂರುವವರೇ ಇಲ್ಲ. ತಾನು ಅಷ್ಟಕ್ಕೇ ಲಾಯಕ್ಕು ಎಂದು ಸ್ವತಃ ಅವನೇ ನಂಬಿಬಿಡುತ್ತಾನೆ. ಅವನು ತಲುಪಬಹುದಾಗಿದ್ದ ತರಗತಿಯ ಹಾಜರಿ ಪುಸ್ತಕದಲ್ಲಿ ಅವನ ಹೆಸರಿರುವುದಿಲ್ಲ. ಸಂಸ್ಥೆಗಳಿಗೆ ಈ ಎರಡನೆಯ ತಪ್ಪು ಅಗ್ಗವಾಗಿ ಕಾಣುವುದು ಸಹಜ. ಅದರ ಬೆಲೆ ತೆರುವವನು ವಿದ್ಯಾರ್ಥಿ ಮಾತ್ರ.

ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನು ಮಾಡಿ, ಹೈಸ್ಕೂಲಿನ ದಾಖಲೆ ನೋಡಿಯೇ ಸ್ಥಾನ ನಿರ್ಧರಿಸುವಂತೆ ತನ್ನ ಕಮ್ಯುನಿಟಿ ಕಾಲೇಜುಗಳಿಗೆ ಹೇಳಿತು. 2022ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಮೊದಲ ವರ್ಷದಲ್ಲೇ ಪದವಿ ಮಟ್ಟದ ಗಣಿತ ಪಾಸಾಗುವವರು ಹೆಚ್ಚಿದರು. ಆ ತರಗತಿಯಲ್ಲಿ ಫೇಲಾದವರ ಸಂಖ್ಯೆಯೂ ಏರಿತೆಂಬುದನ್ನು ಮುಚ್ಚಿಡಬೇಕಿಲ್ಲ.

ಅದೇ ರಾಜ್ಯದ, ಸುಲಭಕ್ಕೆ ಪ್ರವೇಶ ಸಿಗದ, ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವರದಿಯೊಂದು 2025ರ ನವೆಂಬರಿನಲ್ಲಿ ಬೇರೆಯೇ ಕಥೆ ಹೇಳಿತು. ಹೈಸ್ಕೂಲು ಮಟ್ಟದ ಗಣಿತವೂ ಬಾರದ ಹೊಸ ವಿದ್ಯಾರ್ಥಿಗಳು ಐದು ವರ್ಷಗಳಲ್ಲಿ ಸುಮಾರು 30 ಪಟ್ಟು ಹೆಚ್ಚಿದ್ದರು. ಹಲವರ ಕೈಯಲ್ಲಿ ಗಣಿತದ ಒಳ್ಳೆಯ ಅಂಕಗಳಿದ್ದವು. ಅಲ್ಲಿ ಇದು ಗೊತ್ತಾದದ್ದು ಸ್ಥಾನ ನಿರ್ಧಾರದ ಪರೀಕ್ಷೆಯಿಂದಲೇ. ಬಾರದ ವಿದ್ಯೆಗೆ ಅಂಕ ಕೊಟ್ಟು ಕಳುಹಿಸುವುದು ದಯೆಯೇ? ನಮಗೆ ಹಾಗೆನಿಸುವುದಿಲ್ಲ. ಅದೂ ಒಂದು ಬಗೆಯ ಕೈತೊಳೆದುಕೊಳ್ಳುವಿಕೆ.

ಆದ್ದರಿಂದ ಪರೀಕ್ಷೆಯೇ ಬೇಡವೆಂದು ನಾವು ಹೇಳಲಾರೆವು. ಕೊರತೆ ಎಲ್ಲಿದೆಯೆಂದು ತಿಳಿಯಲಿ, ಆದರೆ ಆ ಕಾರಣಕ್ಕೆ ಹುಡುಗನನ್ನು ಬೇರೆ ಕೋಣೆಗೆ ಕಳುಹಿಸುವುದು ಬೇಡ. ಮುಖ್ಯ ತರಗತಿಯಲ್ಲೇ ಕೂರಿಸಿ, ಅದೇ ವಾರ ಹೆಚ್ಚುವರಿ ಗಂಟೆಗಳಲ್ಲಿ ಬಾರದ್ದನ್ನು ಕಲಿಸುವ ಪದ್ಧತಿ ಅಲ್ಲಿನ ಹಲವು ಕಾಲೇಜುಗಳಲ್ಲಿದೆ. ಅದಕ್ಕೆ ಅಧ್ಯಾಪಕರು ಬೇಕು, ಅವರಿಗೆ ಸಂಬಳ ಬೇಕು. ಒಂದು ಗಂಟೆಯ ಕಂಪ್ಯೂಟರ್ ಪರೀಕ್ಷೆಯಷ್ಟು ಅಗ್ಗದಲ್ಲಿ ಅದು ಮುಗಿಯುವುದಿಲ್ಲ.