ಸಾಕುವವನ ಋಣ

ಮನುಷ್ಯನು ಪ್ರಾಣಿಗಳನ್ನು ಸಾಕುವ ರೂಢಿಯು ಅತ್ಯಂತ ಪುರಾತನವಾದದ್ದು. ಆಕಳು, ಎತ್ತು, ಕುರಿ, ನಾಯಿ ಇವು ನಮ್ಮ ಮನೆಯ ಮಂದಿಯೇ ಆಗಿಹೋಗಿವೆ. ಇವುಗಳನ್ನು ಸಾಕುವದು ಧರ್ಮವೋ ಅಧರ್ಮವೋ ಎಂದು ಯಾರೂ ಕೇಳುವದಿಲ್ಲ. ಆದರೆ ನಮ್ಮ ಪ್ರೀತಿಯನ್ನು ಬೇಡದ, ಕರೆದರೆ ಓಗೊಡದ, ನಮ್ಮ ಮನೆಯನ್ನು ಎಂದೂ ಬಯಸದ ಪ್ರಾಣಿಯೊಂದನ್ನು ಕೇವಲ ನೋಡಿ ಸುಖಪಡುವದಕ್ಕಾಗಿ ಇಟ್ಟುಕೊಳ್ಳಬಹುದೆ? ಇಟ್ಟುಕೊಂಡರೆ ಅದಕ್ಕೆ ನಾವು ಸಲ್ಲಿಸಬೇಕಾದದ್ದು ಏನು?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವನು ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ತಮ್ಮನ ಮಗನು. ರಜೆಗೆ ಹಾವೇರಿಗೆ ಬಂದವನು ಒಂದು ಸಂಜೆ, "ದೊಡ್ಡಪ್ಪಾ, ನಾನೊಂದು ಬೋವಾ ಹಾವನ್ನು ಸಾಕಬೇಕೆಂದಿದ್ದೇನೆ, ಶಾಸ್ತ್ರದಲ್ಲಿ ಇದಕ್ಕೆ ಅಡ್ಡಿಯುಂಟೇನು?" ಎಂದು ಕೇಳಿದನು. ಶಾಸ್ತ್ರದ ಮಾತು ಆಮೇಲೆ ಇರಲಿ, ಅದರ ಪಾಲನೆಯ ಕ್ರಮವನ್ನು ಮೊದಲು ಹೇಳೆಂದೆನು.

ಹುಡುಗನು ಚೆನ್ನಾಗಿ ಓದಿಕೊಂಡಿದ್ದನು. ಬೋವಾ ಕನ್‌ಸ್ಟ್ರಿಕ್ಟರ್ ಎಂಬದು ಮಧ್ಯ ಮತ್ತು ದಕ್ಷಿಣ ಅಮೇರಿಕೆಯ ಕಾಡುಗಳ ಹಾವು. ವಿಷವಿಲ್ಲ, ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುವದು. ನಮ್ಮ ಹೆಬ್ಬಾವಿನಂತೆ ತತ್ತಿಯಿಡದೆ ಮರಿಗಳನ್ನೇ ಹೆರುವದು. ಆರರಿಂದ ಹತ್ತು ಅಡಿಯ ವರೆಗೆ ಬೆಳೆದು, ಸರಿಯಾಗಿ ನೋಡಿಕೊಂಡರೆ 20-30 ವರುಷ ಬದುಕುವದು. ಅದಕ್ಕೆ ಆರಡಿಗೆ ಕಡಿಮೆಯಿಲ್ಲದ ಉದ್ದದ, ಭದ್ರವಾದ ಬಾಗಿಲುಳ್ಳ ಪೆಟ್ಟಿಗೆ ಬೇಕು. ಹಾವು ತನ್ನ ಮೈಯ ಕಾವನ್ನು ತಾನೇ ಹುಟ್ಟಿಸಲಾರದಾದ್ದರಿಂದ ಪೆಟ್ಟಿಗೆಯ ಒಂದು ಬದಿಯಲ್ಲಿ 31-32 ಡಿಗ್ರಿ ಸೆಲ್ಸಿಯಸ್ ಶಾಖವಿದ್ದು, ಇನ್ನೊಂದು ಬದಿಯು 26ರ ಸುಮಾರಿಗೆ ತಂಪಾಗಿರಬೇಕು. ಬೇಕಾದಾಗ ಬೇಕಾದ ಕಡೆಗೆ ಅದು ಸರಿಯುವದು. ಎರಡೂ ಕಡೆಗೆ ಅಡಗಿಕೊಳ್ಳಲು ಗೂಡು, ಮೈ ಮುಳುಗುವಷ್ಟು ನೀರಿನ ಪಾತ್ರೆ, ಪೊರೆ ಸುಸೂತ್ರವಾಗಿ ಕಳಚುವಂತೆ ಗಾಳಿಯಲ್ಲಿ ತೇವ, ಇವೆಲ್ಲ ಅವಶ್ಯ. ಬೆಳೆದ ಹಾವಿಗೆ ಎರಡು ಮೂರು ವಾರಕ್ಕೊಮ್ಮೆ ಕೊಂದ ಇಲಿಯನ್ನು ಕೊಡಬೇಕು. ಜೀವಂತ ಇಲಿಯು ಹಾವನ್ನೇ ಕಚ್ಚಿ ಗಾಯಪಡಿಸುವದುಂಟು. ಉಂಡ ಮೇಲೆ ಎರಡು ದಿನ ಮುಟ್ಟಬಾರದು. ಮುಟ್ಟಿದರೆ ಉಂಡದ್ದನ್ನು ಕಕ್ಕಿಬಿಡುವದು.

ಇಷ್ಟನ್ನು ಕೇಳಿ ನನಗೆ ಅವನ ಮೇಲೆ ಗೌರವವೇ ಉಂಟಾಯಿತು. ಆದರೂ ಒಂದು ಮಾತು ಮನಸ್ಸಿನಲ್ಲಿ ಎದ್ದುನಿಂತಿತು. ಈ ಶಾಖ, ಈ ತೇವ, ಈ ಗೂಡು ಇವನ್ನೆಲ್ಲ ಅಡವಿಯು ಆ ಜೀವಿಗೆ ಬೇಡದೆಯೇ ಕೊಟ್ಟಿತ್ತು. ನಾವು ಅದನ್ನು ಕಸಿದುಕೊಂಡು, ಕಸಿದುಕೊಂಡದ್ದರಲ್ಲಿ ಸ್ವಲ್ಪವನ್ನು ಮರಳಿ ಕೊಟ್ಟು, ಅದಕ್ಕೆ ಪಾಲನೆಯೆಂದು ಹೆಸರಿಡುತ್ತೇವೆ. ಸಾಲಗಾರನು ಬಡ್ಡಿ ಕಟ್ಟುವದನ್ನು ಯಾರೂ ದಾನವೆಂದು ಕರೆಯುವದಿಲ್ಲ.

ಪರರ ತಪ್ಪನ್ನು ಎಣಿಸುವ ಮೊದಲು ನನ್ನದನ್ನು ಹೇಳುವದು ನ್ಯಾಯ. ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಾವು ಮೂವರು ಹುಡುಗರು ಬಣವೆಯ ಬುಡದಲ್ಲಿ ಸಿಕ್ಕ ಮಣ್ಣುಮುಕ್ಕ ಹಾವೊಂದನ್ನು ಮಣ್ಣಿನ ಗಡಿಗೆಯಲ್ಲಿ ಇಟ್ಟುಕೊಂಡಿದ್ದೆವು. ನಾಗರಪಂಚಮಿಯ ದಿನಗಳು, ದಿನಾಲು ಹಾಲು ಹೊಯ್ದೆವು, ಅಳ್ಳು ಹಾಕಿದೆವು, ಕೈಮುಗಿದೆವು. ಹಾವಿನ ಆಹಾರ ಹಾಲಲ್ಲವೆಂಬದು, ನೀರಡಿಸಿ ಕಂಗೆಟ್ಟ ಹಾವು ಮಾತ್ರ ಅದನ್ನು ಕುಡಿಯುವದೆಂಬದು ನಮಗೆ ತಿಳಿಯದು. ಒಂಬತ್ತನೆಯ ದಿನ ಅದು ಗಡಿಗೆಯ ತಳದಲ್ಲಿ ಸತ್ತು ಬಿದ್ದಿತ್ತು. ನಮ್ಮಲ್ಲಿ ದ್ವೇಷವಿರಲಿಲ್ಲ, ಭಕ್ತಿಯೇ ಇತ್ತು. ಆದರೂ ಒಂದು ಜೀವ ಹೋಯಿತು. ಅರಿವಿಲ್ಲದ ಪ್ರೀತಿಯು ಅರಿತು ಮಾಡಿದ ಹಿಂಸೆಗಿಂತ ಕಡಿಮೆ ಘೋರವಲ್ಲವೆಂಬದನ್ನು ನಾನು ಕಲಿತದ್ದು ಆ ಗಡಿಗೆಯಿಂದ. ಕಲ್ಲಿನ ನಾಗನಿಗೂ ಜೀವಂತ ನಾಗನಿಗೂ ನಾವು ಮಾಡುವ ಭೇದವನ್ನು ಬಸವಣ್ಣನವರು 12ನೆಯ ಶತಮಾನದಲ್ಲಿಯೇ ಎತ್ತಿ ತೋರಿಸಿದ್ದರು. ನಾವು ಅದನ್ನು ಬಾಯಿಪಾಠ ಮಾಡಿದೆವು, ಅಷ್ಟೆ.

ಈ ಮಣ್ಣುಮುಕ್ಕವು ಬೋವಾದ ನಮ್ಮೂರ ಬಂಧುವೇ ಸರಿ. ಬಾಲವು ತಲೆಯಂತೆ ಮೊಂಡಾಗಿರುವದರಿಂದ ಜನರು ಇದಕ್ಕೆ ಎರಡು ತಲೆಯ ಹಾವೆನ್ನುವರು. ವಿಷವಿಲ್ಲ, ಕಚ್ಚುವದೂ ಅಪರೂಪ. ಸಡಿಲ ಮಣ್ಣಿನಲ್ಲಿ ಹುದುಗಿದ್ದು ರಾತ್ರಿ ಇಲಿಗಳನ್ನು ಹಿಡಿಯುವದು. ಗೋವಿನಜೋಳವನ್ನು ರಾಶಿಮಾಡುವ ರಾಣೇಬೆನ್ನೂರು, ಬ್ಯಾಡಗಿಯ ಒಕ್ಕಲಿಗನಿಗೆ ಇದಕ್ಕಿಂತ ಅಗ್ಗದ ಕಾವಲುಗಾರನು ಸಿಗಲಾರನು. ಆದರೆ ಇದು ಮನೆಯಲ್ಲಿದ್ದರೆ ಲಕ್ಷ್ಮಿಯು ಒಲಿಯುವಳೆಂಬ ಮೂಢನಂಬಿಕೆಯಿಂದ ಇದನ್ನು ಲಕ್ಷಗಟ್ಟಲೆ ರೂಪಾಯಿಗೆ ಮಾರಲು ಹೊರಟವರಿದ್ದಾರೆ. ತೂಕ ಹೆಚ್ಚಿದರೆ ಬೆಲೆ ಹೆಚ್ಚೆಂದು ಇದರ ಬಾಯೊಳಗೆ ಕಬ್ಬಿಣದ ಗುಂಡು ತುರುಕಿದವರೂ ಉಂಟು. 2016ರಿಂದ 2021ರ ವರೆಗೆ ಭಾರತದಲ್ಲಿ ಇದರ ಕಳ್ಳವ್ಯಾಪಾರದ 172 ಪ್ರಕರಣಗಳು ವರದಿಯಾದವೆಂದು ವನ್ಯಜೀವಿಗಳ ಸಂಸ್ಥೆಯೊಂದು ಲೆಕ್ಕಹಾಕಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದನ್ನು ಹಿಡಿಯುವದೂ ಮಾರುವದೂ ಅಪರಾಧ. ಹೊರನಾಡಿನ ಬೋವಾವನ್ನು ಇಟ್ಟುಕೊಂಡವರು ಸಹ ಅದನ್ನು ಸರಕಾರದಲ್ಲಿ ನೋಂದಾಯಿಸತಕ್ಕದ್ದೆಂದು 2024ರಲ್ಲಿ ನಿಯಮವಾಗಿದೆ. ಆದರೆ ಕಾಯಿದೆಯು ಕೈಯನ್ನು ತಡೆಯುವದೇ ಹೊರತು ಆಸೆಯನ್ನು ತಡೆಯಲಾರದು.

ಯೋಗಸೂತ್ರದ ವ್ಯಾಸಭಾಷ್ಯದಲ್ಲಿ ಅಪರಿಗ್ರಹವನ್ನು ವಿವರಿಸುವಾಗ ವಸ್ತುಗಳನ್ನು ಕೂಡಿಡುವದರಲ್ಲಿ ಐದು ದೋಷಗಳನ್ನು ಹೇಳಿದೆ: ಗಳಿಸುವ ಕಷ್ಟ, ಕಾಯುವ ಚಿಂತೆ, ಕಳೆಯುವ ದುಃಖ, ಅಂಟಿಕೊಳ್ಳುವ ಮೋಹ, ಅದರಿಂದಾಗುವ ಹಿಂಸೆ. ಹೊನ್ನನ್ನು ಕೂಡಿಟ್ಟರೆ ಮೊದಲಿನ ನಾಲ್ಕು ನಮ್ಮನ್ನೇ ಬಾಧಿಸುವವು. ಜೀವಿಯನ್ನು ವಸ್ತುವಿನಂತೆ ಕೂಡಿಟ್ಟರೆ ಐದನೆಯದು ಪ್ರತಿದಿನ ಪೆಟ್ಟಿಗೆಯೊಳಗೆ ನಡೆಯುತ್ತಿರುವದು.

ಹುಡುಗನು ಇಲ್ಲಿ ಎರಡು ಆಕ್ಷೇಪಗಳನ್ನು ತಂದನು. "ಪೆಟ್ಟಿಗೆಯಲ್ಲಿ ಅದು ಸುಮ್ಮನೆ ಮಲಗಿರುತ್ತದೆ, ದುಃಖವಿದ್ದರೆ ತೋರಲಾರದೆ?" ಎಂದನು. ಭಾಗವತದಲ್ಲಿ ಅವಧೂತನು ಅಜಗರವನ್ನು ತನ್ನ ಗುರುಗಳಲ್ಲಿ ಒಂದಾಗಿ ಎಣಿಸಿದ್ದು ನಿಜ. ಬಂದದ್ದರಲ್ಲಿ ತೃಪ್ತಿಪಟ್ಟು ಮಲಗುವದನ್ನು ಅದರಿಂದ ಕಲಿತನು. ಆದರೆ ಆ ಅಜಗರವು ಏಳಬಹುದಾಗಿದ್ದೂ ಮಲಗಿತ್ತು. ಬಿಡುವುಳ್ಳವನ ತೃಪ್ತಿಯೇ ಬೇರೆ, ಬಾಗಿಲು ಮುಚ್ಚಲ್ಪಟ್ಟವನ ಮೌನವೇ ಬೇರೆ. ಹೊರಗಿನಿಂದ ಎರಡೂ ಒಂದೇ ತೆರನಾಗಿ ಕಾಣುವದರಿಂದಲೇ ನೋಡುವವನು ಹೆಚ್ಚು ಎಚ್ಚರದಿಂದಿರಬೇಕು.

ಎರಡನೆಯ ಆಕ್ಷೇಪವು ಬಲವಾದದ್ದು. "ಪೆಟ್ಟಿಗೆಯಲ್ಲಿಯೇ ಹುಟ್ಟಿದವುಗಳ ಗತಿಯೇನು? ಅವಕ್ಕೆ ಅಡವಿಯೇ ಗೊತ್ತಿಲ್ಲವಲ್ಲ." ಇದಕ್ಕೆ ನಾನು ತಡೆದು ಉತ್ತರ ಕೊಟ್ಟೆನು. ಅವುಗಳನ್ನು ನಮ್ಮ ಅಡವಿಗೆ ಬಿಡುವದು ದಯೆಯಲ್ಲ. ಕ್ಯಾರಿಬಿಯನ್ ಸಮುದ್ರದ ಅರೂಬಾ ದ್ವೀಪದಲ್ಲಿ 1999ರಲ್ಲಿ ಮೊದಲು ಕಂಡ ಹೊರಗಿನ ಬೋವಾಗಳು ಹಬ್ಬಿ ಅಲ್ಲಿಯ ಹಕ್ಕಿ ಹಲ್ಲಿಗಳಿಗೆ ಕಂಟಕವಾಗಿವೆ. ಆದುದರಿಂದ ಈಗಾಗಲೇ ಇಟ್ಟುಕೊಂಡವನು ಆ 30 ವರುಷಗಳನ್ನೂ ಕೊನೆಯ ದಿನದ ವರೆಗೆ ಸಲ್ಲಿಸಲೇಬೇಕು. ನೌಕರಿ ಬದಲಾಯಿತು, ಮದುವೆಯಾಯಿತು, ಬೇಸರವಾಯಿತು ಎಂಬ ಸಬೂಬು ನಡೆಯದು. ಆದರೆ ಹೊಸದನ್ನು ಕೊಳ್ಳುವವನು ಪೆಟ್ಟಿಗೆಯಲ್ಲಿ ಹುಟ್ಟಬೇಕಾದ ಇನ್ನೊಂದು ಮರಿಗೆ ಕಾರಣನಾಗುವನು. ಇದ್ದ ಋಣವನ್ನು ತೀರಿಸುವದು ಧರ್ಮ. ಅದನ್ನು ನೆಪಮಾಡಿ ಹೊಸ ಋಣವನ್ನು ಮಾಡುವದು ಧರ್ಮವಲ್ಲ.

ಎತ್ತು ನಾಯಿಗಳ ಮಾತಾದರೋ, ಅವು ಸಾವಿರಾರು ವರುಷ ನಮ್ಮೊಡನೆ ಬದುಕಿ ನಮ್ಮನ್ನು ಬಲ್ಲವು. ಮೇಯಲು ಬಿಟ್ಟರೆ ಸಂಜೆಗೆ ತಾವಾಗಿ ಕೊಟ್ಟಿಗೆಗೆ ಮರಳುವವು. ಸಾಕಬಹುದೋ ಬಾರದೋ ಎಂಬದಕ್ಕೆ ನನಗೆ ತೋರಿದ ಒರೆಗಲ್ಲು ಇದು: ಬಾಗಿಲು ತೆರೆದಿಟ್ಟರೆ ಅದು ಮರಳಿ ಬರುವದೆ?

ಮರುದಿನ ಹುಡುಗನನ್ನು ಕರೆದುಕೊಂಡು ರಾಣೇಬೆನ್ನೂರಿನ ಕೃಷ್ಣಮೃಗಗಳ ಅಭಯಾರಣ್ಯಕ್ಕೆ ಹೋದೆನು. 1974ರಿಂದ 119 ಚದರ ಕಿಲೋಮೀಟರ್ ನೆಲವು ಅಲ್ಲಿ ಪ್ರಾಣಿಗಳಿಗೆ ಮೀಸಲಾಗಿದೆ. ದೂರದಲ್ಲಿ ಹಿಂಡೊಂದು ನಮ್ಮನ್ನು ಕಂಡು ಕ್ಷಣಕಾಲ ನಿಂತು, ಜಿಗಿಯುತ್ತ ಮರೆಯಾಯಿತು. ಹುಡುಗನು ಬಹಳ ಹೊತ್ತು ಅತ್ತ ನೋಡುತ್ತಿದ್ದನು. ಹಿಂದಿರುಗುವಾಗ ಬೋವಾದ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ನಿರ್ಣಯವನ್ನು ಅವನಿಗೇ ಬಿಟ್ಟಿದ್ದೇನೆ. ಗಡಿಗೆಯ ಕತೆಯನ್ನು ಮಾತ್ರ ಅವನು ಮರೆಯದಿರಲಿ ಎಂಬದು ನನ್ನ ಆಶೆ.