ಮೊದಲು ಯಾರ ರಸ್ತೆ?

ಸಾರ್ವಜನಿಕ ಹಣ ಹಂಚುವ ಮಾತು ಬಂದಾಗಲೆಲ್ಲ ‘ಆದ್ಯತೆ’ ಎಂಬ ಶಬ್ದ ಕೇಳಿಬರುತ್ತದೆ. ಬಹಳ ಸೌಮ್ಯವಾದ ಶಬ್ದವದು. ಯಾರಿಗೆ ಮೊದಲು ಎಂಬುದನ್ನು ಹೇಳುತ್ತದೆ. ಯಾರಿಗೆ ಇಲ್ಲ ಎಂಬುದನ್ನು ಹೇಳುವುದಿಲ್ಲ. ಬೊಕ್ಕಸಕ್ಕೆ ಮಿತಿಯಿರುವಾಗ ಒಬ್ಬರಿಗೆ ‘ಮೊದಲು’ ಎಂದರೆ ಮತ್ತೊಬ್ಬರಿಗೆ ‘ಆಮೇಲೆ’ ಎಂದೇ ಅರ್ಥ. ಆ ‘ಆಮೇಲೆ’ಯಲ್ಲಿ ಒಂದು ತಲೆಮಾರು ಕಳೆದುಹೋಗುವುದೂ ಉಂಟು.

ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗವನ್ನು ನೋಡಿ. ಹಿಂದೆ ಕೋಟೆಯ ಊರು. ಈಗ ಹೋಬಳಿಯ ಕೇಂದ್ರ. 1996–97ರಲ್ಲಿ ಮಂಜೂರಾದ ಬೆಂಗಳೂರು–ಹಾಸನ ರೈಲುಮಾರ್ಗ 2017ರಲ್ಲಿ ಪೂರ್ಣಗೊಂಡು ಕುಣಿಗಲ್ಲಿಗೆ ರೈಲು ಬಂತು. ಅಲ್ಲಿಂದ ಸುಮಾರು 20 ಕಿ.ಮೀ. ದೂರದ ದುರ್ಗಕ್ಕೆ ಬರಲಿಲ್ಲ. ಬರಲೇಬೇಕಾಗಿತ್ತೆಂದು ನಾನು ವಾದಿಸುವುದಿಲ್ಲ. ರೈಲು ಎಲ್ಲರ ಮನೆಬಾಗಿಲಿಗೂ ಹೋಗಲಾರದು. ಮಳವಳ್ಳಿ–ಪಾವಗಡ ರಾಜ್ಯ ಹೆದ್ದಾರಿಯೇನೋ ದುರ್ಗದ ಮೇಲೆಯೇ ಹಾದುಹೋಗುತ್ತದೆ. ಆದರೆ ಹೆದ್ದಾರಿಯಿಂದ ಆಚೆಗಿರುವ ಹಳ್ಳಿಯವನು, “ನನ್ನೂರಿನಿಂದ ಹೋಬಳಿಗೆ ಬರುವ ದಾರಿ ಯಾವಾಗ ಸರಿಹೋಗುತ್ತದೆ, ಸ್ವಾಮಿ?” ಎಂದು ಕೇಳಿದರೆ ಏನು ಹೇಳಬೇಕು?

ಸಾಮಾನ್ಯವಾಗಿ ಸಿಗುವ ಉತ್ತರ ಲೆಕ್ಕದ್ದು: ಹೆಚ್ಚು ಜನ ಓಡಾಡುವ ಕಡೆ ಹೆಚ್ಚು ಹಣ. ನ್ಯಾಯವಾಗಿಯೇ ಕಾಣುತ್ತದೆ. ಆದರೆ ರಸ್ತೆಯೇ ಇಲ್ಲದ ಕಡೆ ನಿಂತು ಗಾಡಿಗಳನ್ನು ಎಣಿಸಿದರೆ ಸೊನ್ನೆಯಲ್ಲದೆ ಇನ್ನೇನು ಸಿಕ್ಕೀತು? ರಸ್ತೆಯಿಲ್ಲವೆಂದು ಓಡಾಟವಿಲ್ಲ, ಓಡಾಟವಿಲ್ಲವೆಂದು ರಸ್ತೆಯಿಲ್ಲ. ಉಳ್ಳವನಿಗೆ ಮತ್ತಷ್ಟು ಕೊಡುವ ಗುಣ ಈ ಲೆಕ್ಕಕ್ಕಿದೆ.

ಹಾಗಾದರೆ ಕೊರತೆ ಹೆಚ್ಚಿರುವವರಿಗೇ ಮೊದಲು ಎನ್ನೋಣವೆ? ಕೇಳಲು ಚೆನ್ನ. ಆದರೆ ಹಳ್ಳಿಯ ರೋಗಿ ಹೋಬಳಿಗೆ ಬಂದರೆ ಸಾಲದು, ತುಮಕೂರಿನ ಆಸ್ಪತ್ರೆಯನ್ನೂ ಮುಟ್ಟಬೇಕು. ದೊಡ್ಡ ದಾರಿ ಕೆಟ್ಟರೆ ಸಣ್ಣ ದಾರಿಯ ಪ್ರಯೋಜನವೂ ಅರ್ಧಕ್ಕೆ ನಿಲ್ಲುತ್ತದೆ. ಎರಡು ವಾದಗಳಲ್ಲಿಯೂ ಸತ್ಯವಿದೆ. ಒಂದನ್ನೇ ಹಿಡಿದರೆ ಅನ್ಯಾಯವಾಗುತ್ತದೆ. ಆದ್ದರಿಂದ ನ್ಯಾಯವನ್ನು ಸೂತ್ರದಲ್ಲಿ ಮಾತ್ರ ಹುಡುಕದೆ, ತೀರ್ಮಾನ ಮಾಡುವ ಬಗೆಯಲ್ಲಿಯೂ ಹುಡುಕಬೇಕೆಂದು ನನಗೆ ತೋರುತ್ತದೆ.

ತಂಜಾವೂರಿನ ಜಿಲ್ಲಾ ಬೋರ್ಡು ಜನರಿಂದ ಭೂಮಿಯ ಮೇಲಿನ ಕರ ಎತ್ತಿ, ಮಾಯಾವರದಿಂದ ಮುತ್ತುಪೇಟೆಗೆ ರೈಲುಮಾರ್ಗ ಹಾಕಿಸಿತು. 1894ರಲ್ಲಿ ರೈಲು ಓಡಿತು. ಬ್ರಿಟಿಷರ ಕಾಲದ ಆ ಬೋರ್ಡು ಪ್ರಜಾಪ್ರಭುತ್ವದ ಮಾದರಿಯೇನಲ್ಲ. ಆದರೂ ಕರ ಕೊಟ್ಟವನಿಗೆ ತನ್ನ ಹಣ ಎಲ್ಲಿಗೆ ಹೋಯಿತೆಂಬುದು ಕಣ್ಣಿಗೆ ಕಾಣುತ್ತಿತ್ತು. ಇಂದು ಹಾಗಿಲ್ಲ. 2007–08ರಲ್ಲಿ ಮಂಜೂರಾದ ತುಮಕೂರು–ರಾಯದುರ್ಗ ಮಾರ್ಗಕ್ಕೆ ಅರ್ಧ ವೆಚ್ಚವನ್ನೂ ಭೂಮಿಯನ್ನೂ ಕೊಡಲು ರಾಜ್ಯ ಒಪ್ಪಿಕೊಂಡಿತು. ಮಧುಗಿರಿ, ಪಾವಗಡಗಳಿಗೆ ಬೇಕಾದ ಮಾರ್ಗವೇ ಅದು. ಆದರೆ ಆ ಅರ್ಧದಲ್ಲಿ ದುರ್ಗದ ಕಡೆಯವನ ಪಾಲೂ ಇದೆ. ಅವನನ್ನು ಯಾರಾದರೂ ಕೇಳಿದರೆ?

ಕೇಳುವುದಕ್ಕೆ ಕಾನೂನೇನೋ ಇದೆ. ರಸ್ತೆ, ಸೇತುವೆಗಳು ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳೊಳಗೆ ಸೇರಿವೆ. ಹಳ್ಳಿ ಪಟ್ಟಣಗಳ ಯೋಜನೆಗಳನ್ನು ಒಟ್ಟುಗೂಡಿಸಲು ಜಿಲ್ಲಾ ಯೋಜನಾ ಸಮಿತಿಯಿರಬೇಕು. ಅದರ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಸದಸ್ಯರು ಜಿಲ್ಲಾ ಪಂಚಾಯತಿ, ಪುರಸಭೆಗಳ ಚುನಾಯಿತರೊಳಗಿಂದ ಆರಿಸಿಬರಬೇಕು. ಆದರೆ 2021ರಲ್ಲಿ ಕರ್ನಾಟಕದ ಜಿಲ್ಲಾ ಪಂಚಾಯತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕುರ್ಚಿಗಳು ಬರಿದಾಗಿದ್ದವು, ಹಣದ ಹಂಚಿಕೆ ಮಾತ್ರ ನಿಲ್ಲಲಿಲ್ಲ.

ಅಧಿಕಾರಿಗಳು ಅನ್ಯಾಯವನ್ನೇ ಮಾಡುತ್ತಾರೆಂದು ಇದರ ಅರ್ಥವಲ್ಲ. ಅವರ ಪಟ್ಟಿ ಚುನಾಯಿತರ ಪಟ್ಟಿಗಿಂತ ಚೆನ್ನಾಗಿಯೂ ಇರಬಹುದು. ಆದರೆ ‘ನಿನಗೆ ಈಗ ಇಲ್ಲ’ ಎಂಬುದನ್ನು ನಾನು ನನ್ನ ಪ್ರತಿನಿಧಿಯಿಂದ ಕಾರಣಸಹಿತ ಕೇಳುವುದಕ್ಕೂ, ಮುಗಿದುಹೋದ ಕಡತದಿಂದ ತಿಳಿಯುವುದಕ್ಕೂ ಅಂತರವಿದೆ. ಮೊದಲನೆಯದರಲ್ಲಿ ನಾನು ಸೋತ ಪಾಲುದಾರ; ಎರಡನೆಯದರಲ್ಲಿ ಲೆಕ್ಕಕ್ಕೇ ಬಾರದವನು. ರಸ್ತೆ ತಡವಾದರೆ ಮನುಷ್ಯ ಸಹಿಸಿಯಾನು. ತನ್ನನ್ನು ಎಣಿಸಲೇ ಇಲ್ಲವೆಂಬುದನ್ನು ಸಹಿಸುವುದು ಕಷ್ಟ. ಸಹಿಸಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ.