ಕರಸ್ಥಲವೂ ಸ್ಥಳೀಯ ವಿಳಾಸವೂ

ತುಮಕೂರಿನ ಶೆಟ್ಟಿಹಳ್ಳಿಯ ಮನೆಯೊಂದರಲ್ಲಿ ಕುಳಿತು ದೂರದೇಶದ ಬಂಧುವಿನೊಡನೆ ಕಂಪ್ಯೂಟರಿನ ಮೂಲಕ ಸಂಭಾಷಿಸುವವನಿಗೆ, ಆ ಸಂಭಾಷಣೆಯಲ್ಲಿ ತನ್ನ ಕಡೆಯ ತುದಿಯನ್ನು ಯಂತ್ರವು ಹೇಗೆ ಗುರುತಿಸಿಕೊಂಡಿರುವುದೆಂಬ ಪ್ರಶ್ನೆ ಸಾಮಾನ್ಯವಾಗಿ ಹುಟ್ಟದು. ಆದರೆ ‘ನಾನು ಇಲ್ಲಿರುವೆನು’ ಎಂಬ ಮಾತಿನ ಸತ್ಯವೇನೆಂದು ವಿಚಾರಿಸುವ ಜಿಜ್ಞಾಸುವಿಗೆ ಅದು ಉಪೇಕ್ಷಿಸತಕ್ಕ ವಿಷಯವಲ್ಲ. ಇಂಜಿನಿಯರುಗಳು ಲೋಕಲ್ ಎಂಡ್‌ಪಾಯಿಂಟ್ ಎನ್ನುವ ಈ ತುದಿಗೆ ಇರುವ ಲಕ್ಷಣಗಳು ಎರಡೇ: ಒಂದು ಐಪಿ ವಿಳಾಸ, 65535ನ್ನು ಮೀರದ ಒಂದು ಪೋರ್ಟ್ ಸಂಖ್ಯೆ. ಸಂಪರ್ಕವನ್ನು ಬಯಸಿ ಹೊರಡುವ ತಂತ್ರಾಂಶಕ್ಕೆ ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಂ ತಾನೇ ಬಿಡುವಾಗಿರುವ ಸಂಖ್ಯೆಯೊಂದನ್ನು ಕೊಟ್ಟು, ಮಾತು ಮುಗಿದ ಮೇಲೆ ಅದನ್ನು ಹಿಂದಕ್ಕೆ ಪಡೆಯುವುದು. ವಿಳಾಸವಾದರೂ ಅನನ್ಯವಲ್ಲ, 192.168 ಎಂದು ಮೊದಲಾಗುವ ಮನೆಯೊಳಗಿನ ವಿಳಾಸವು ಗುಬ್ಬಿಯಲ್ಲಿಯೂ ಕುಣಿಗಲ್ಲಿನಲ್ಲಿಯೂ ಅಕ್ಷರಶಃ ಅದೇ ಆಗಿರಬಹುದು.

ಇಂತಹ ತುದಿಯನ್ನು ಕಂಡ ವೇದಾಂತಿಯು, ಇದು ಕೇವಲ ಉಪಾಧಿ, ಆದುದರಿಂದ ಮಿಥ್ಯೆ ಎಂದಾನು. ಉಪಾಧಿಯೆಂಬುದನ್ನು ಒಪ್ಪೋಣ. ಆದರೆ 1981ರಲ್ಲಿ ಪ್ರಕಟವಾದ, ಟಿಸಿಪಿ ಎಂಬ ಸಂವಹನ ನಿಯಮದಂತೆ ಒಂದು ಸಂಪರ್ಕವು ಗುರುತಿಸಲ್ಪಡುವುದು ಎರಡು ತುದಿಗಳ ಜೋಡಿಯಿಂದಲೇ. ಈಚೆಯದನ್ನು ಅಳಿಸಿದರೆ ಆಚೆಯಿಂದ ಬರುವ ಉತ್ತರಕ್ಕೆ ಸೇರುವ ನೆಲೆಯೇ ಇಲ್ಲ.

ಇದಕ್ಕಿಂತಲೂ ಗಹನವಾದುದೊಂದಿದೆ. ಕರೆಗಳಿಗಾಗಿ ಕಾದಿರುವ ಸರ್ವರ್ ತಂತ್ರಾಂಶವು 0.0.0.0 ಎಂಬ ವಿಳಾಸವನ್ನು ಹೇಳಿಕೊಂಡರೆ, ಆ ಯಂತ್ರಕ್ಕಿರುವ ಎಲ್ಲ ವಿಳಾಸಗಳಲ್ಲಿಯೂ ತಾನಿರುವೆನೆಂದು ಅರ್ಥ. ಆದರೆ ಯಾರೋ ಒಬ್ಬರು ನಿಜವಾಗಿ ಕರೆದು, ಆ ಕರೆ ಸ್ವೀಕೃತವಾದಾಗ, ಆ ಸಂಭಾಷಣೆಯ ಮಟ್ಟಿಗೆ ಅದರ ಸ್ಥಳೀಯ ತುದಿ ಒಂದೇ ಒಂದು ನಿರ್ದಿಷ್ಟ ವಿಳಾಸವಾಗುವುದು. ಉಳಿದ ಕಡೆಗಳಲ್ಲಿ ಕಾಯುವುದು ಮಾತ್ರ ನಿಲ್ಲದು. ಸರ್ವತ್ರವಾದುದು ಸಂಬಂಧಕ್ಕಾಗಿ ಏಕತ್ರವಾಯಿತು, ಅದರಿಂದ ಅದರ ಸರ್ವತ್ರತೆಗೆ ಊನವಾಗಲಿಲ್ಲ.

ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಗದ್ದುಗೆಗೊಂಡಿರುವ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯಲ್ಲಿ ಬೆಳೆದವರಿಗೆ ಈ ತತ್ತ್ವ ಹೊಸದೆನಿಸದು. ವಿಶ್ವವ್ಯಾಪಿಯಾದ ಪರವಸ್ತುವು ಗುರುಕರುಣೆಯಿಂದ ಇಷ್ಟಲಿಂಗವಾಗಿ ಭಕ್ತನ ಕರಸ್ಥಲಕ್ಕೆ, ಎಂದರೆ ಅಂಗೈಗೆ, ಬರುವುದು. ಅಂಗದ ಮೇಲೆ ಧರಿಸಿದ ಆ ಲಿಂಗವನ್ನು ಎಡಗೈಯಲ್ಲಿರಿಸಿ ಆತನು ಪೂಜಿಸುವನು. ಸಾದೃಶ್ಯ ಇಲ್ಲಿಗೇ ಮುಗಿಯುವುದೆಂಬುದನ್ನೂ ಹೇಳಲೇಬೇಕು: ಪೋರ್ಟಿನ ಸಂಖ್ಯೆಗೆ ತನ್ನಲ್ಲಿ ಹಾದುಹೋದ ಮಾತಿನ ಸಂಸ್ಕಾರವಿಲ್ಲ, ಷಟ್‌ಸ್ಥಲದ ಸಾಧಕನಾದರೋ ಭಕ್ತಸ್ಥಲದಿಂದ ಮೊದಲಾಗಿ ಐಕ್ಯಸ್ಥಲದವರೆಗೆ ತಾನೇ ಮಾರ್ಪಡುತ್ತ ಸಾಗುವನು. ಹಾಗಿದ್ದರೂ, ಇಷ್ಟಲಿಂಗಪೂಜೆಯನ್ನು ಮಂದಾಧಿಕಾರಿಗಳಿಗಾಗಿ ಕಲ್ಪಿಸಿದ ಕೆಳಮೆಟ್ಟಿಲೆಂದು ಎಣಿಸುವವರ ಮತವನ್ನು ನಾನು ಒಪ್ಪಲಾರೆನು. ಅನಂತವು ಅಂಗೈಗೆ ಇಳಿಯಬಲ್ಲುದೆಂದು ಕಂಡ ಶರಣರ ದರ್ಶನವೇ ನನಗೆ ಹೆಚ್ಚು ಪೂರ್ಣವಾಗಿ ತೋರುವುದು.